ರಾತ್ರಿ ಹೊತ್ತು ಟ್ರೈಲರ್‌ನಲ್ಲಿ ಕುದುರೆ ಒಯ್ಯುವುದು: ಬೆಂಗಳೂರಿಂದ ಮೈಸೂರಿಗೆ ನಾನು ಹೋಗುವ ರೀತಿ

ಕೆಂಗೇರಿ ಆಚೆ ನಮ್ಮದೊಂದು ಸಣ್ಣ ಲಾಯ. ಐದು ಕುದುರೆ, ಒಂದು ಪಿಕಪ್, ಎರಡು ಕುದುರೆ ಹಿಡಿಸುವ ಒಂದು ಟ್ರೈಲರ್. ಪ್ರತಿ ಬೇಸಿಗೆ ಮೈಸೂರಿನ ಹೊರಗಿರುವ ಗೆಳೆಯನ ತೋಟಕ್ಕೆ ಎರಡು ಕುದುರೆ ಒಯ್ಯುತ್ತೇನೆ, ರಜೆಯ ಮಕ್ಕಳಿಗೆ ಸವಾರಿ ಕಲಿಸಲು. ಏಪ್ರಿಲ್ ಬಿಸಿಲಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕುದುರೆ ನಿಲ್ಲಿಸಿದರೆ ಬೆಂದುಹೋಗುತ್ತದೆ. ಹಾಗಾಗಿ ಹೊರಡುವುದು ರಾತ್ರಿಯೇ.

ಕತ್ತಲೆ ಕಂಡರೆ ಕುದುರೆ ಬೆದರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ಕತ್ತಲಲ್ಲಿ ಅದಕ್ಕೆ ನಮಗಿಂತ ಚೆನ್ನಾಗಿ ಕಾಣುತ್ತದೆ. ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಚಿಮ್ಮಿಸುವ ಪದರ ಇದೆ. ಟಾರ್ಚ್ ಬಿಟ್ಟರೆ ದನದ ಕಣ್ಣಿನ ಹಾಗೆ ಹೊಳೆಯುವುದು ಅದಕ್ಕೇ. ಅದಕ್ಕೆ ಕಷ್ಟ ಆಗುವುದು ಬೆಳಕು ದಿಢೀರನೆ ಬದಲಾದಾಗ. ಬೆಳಕಿಂದ ಕತ್ತಲಿಗೆ, ಕತ್ತಲಿಂದ ಬೆಳಕಿಗೆ ಹೊಂದಿಕೊಳ್ಳಲು ಕುದುರೆ ಕಣ್ಣಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ಇದನ್ನು ನಾನು ಕಲಿತದ್ದು ನಮ್ಮ ಕುದುರೆ ಗೌರಿಯ ಕಾಲಿನ ಚರ್ಮ ಹೋದ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ಹೊರಡುವ ಎರಡು ದಿನ ಮುಂಚೆ ಹಗಲು ಹೊತ್ತಲ್ಲಿ ಕುದುರೆಯನ್ನು ಹತ್ತಿಸಿ ಇಳಿಸಿ ಅಭ್ಯಾಸ ಮಾಡಿಸಿ. ಅವತ್ತೇ ನೆಲದ ಹಲಗೆಯನ್ನೂ ನೋಡಿ. ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಮೆತ್ತಗೆ ಒಳಗೆ ಹೋದರೆ ಮೂತ್ರ ಕುಡಿದು ಹಲಗೆ ಕೊಳೆತಿದೆ ಅಂತ ಅರ್ಥ. ರೇಸಿನ ತಳಿಯಾದ ಥರೋಬ್ರೆಡ್ ಕುದುರೆ ಒಂದೊಂದೂ 450-500 ಕೆಜಿ ತೂಗುತ್ತದೆ, ನೆನಪಿರಲಿ. ಕೊಂಡಿ, ಸರಪಳಿ, ಟೈರ್ ಗಾಳಿ, ಟ್ರೈಲರ್‌ಗೂ ಒಂದು ಸ್ಟೆಪ್ನಿ. ಬ್ರೇಕ್ ಲೈಟ್, ಇಂಡಿಕೇಟರ್ ಪರೀಕ್ಷೆ ಮಾತ್ರ ಸಂಜೆ ಕತ್ತಲಾದ ಮೇಲೆ ಮಾಡಿ. ಹಗಲಲ್ಲಿ ಮಂಕು ಬಲ್ಬ್ ಕೂಡ ಸರಿಯಾಗಿದೆ ಅನ್ನಿಸುತ್ತದೆ. ಹಿಂದೆ ಮತ್ತು ಎರಡೂ ಪಕ್ಕ ಹೊಳೆಯುವ ಟೇಪ್ ಅಂಟಿಸಿ. ಧಾರಾಳವಾಗಿ.

ಕಾಗದಪತ್ರ ಡ್ಯಾಶ್‌ಬೋರ್ಡ್‌ನಲ್ಲೇ ಇರಲಿ. ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರು ಕೊಟ್ಟ ಸರ್ಟಿಫಿಕೇಟ್, ಗ್ಲಾಂಡರ್ಸ್ ಅನ್ನುವ ಅಂಟುರೋಗದ ಪರೀಕ್ಷೆಯ ವರದಿ, ಕುದುರೆಯ ಫೋಟೊ. ರಾತ್ರಿ ಪ್ರಾಣಿ ತುಂಬಿದ ಗಾಡಿ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಪೊಲೀಸರು ನಿಲ್ಲಿಸಿದರೆ ನಾವೇ ಇಳಿದು ತೋರಿಸಬೇಕು. ಆದರೆ ಅವರ ಟಾರ್ಚ್ ಮಾತ್ರ ಕುದುರೆ ಮುಖಕ್ಕೆ ಬೀಳದ ಹಾಗೆ ಕೇಳಿಕೊಳ್ಳಿ.

ನಾನು ಹೊರಡುವುದು ರಾತ್ರಿ 10ಕ್ಕೆ. ಬೆಳಗಿನ ಜಾವ 3ಕ್ಕೆ ಹೊರಡುವವರು ಬಹಳ ಜನ, ತಂಪಿರುತ್ತದೆ, ಬೆಳಕಿಗೆ ಸರಿಯಾಗಿ ಮುಟ್ಟಬಹುದು ಅಂತ. ನನಗೆ ಅದು ಒಪ್ಪಿಗೆಯಿಲ್ಲ. ಆ ಹೊತ್ತಲ್ಲಿ ಎಂಥ ಡ್ರೈವರ್‌ಗೂ ಕಣ್ಣು ಎಳೆಯುತ್ತದೆ.

ಹತ್ತಿಸುವಾಗ ಟ್ರೈಲರ್ ಒಳಗೆ ಲೈಟ್ ಹಾಕಿ. ಇಲ್ಲದಿದ್ದರೆ ಅದು ಕುದುರೆಗೆ ಕಪ್ಪು ಗುಹೆ. ನನ್ನ ಟ್ರೈಲರ್‌ನಲ್ಲಿ ಲೈಟ್ ಇರಲಿಲ್ಲ, ಬ್ಯಾಟರಿಯ ಎಲ್‌ಇಡಿ ಒಂದನ್ನು ಛಾವಣಿಗೆ ಕಟ್ಟಿದ್ದೇನೆ. ಲಾಯದ ಬೆಳಕು ಮತ್ತು ಒಳಗಿನ ಬೆಳಕು ಹೆಚ್ಚುಕಡಿಮೆ ಒಂದೇ ಹದಕ್ಕೆ ಇದ್ದರೆ ನಮ್ಮ ಕುದುರೆಗಳು ತಾವಾಗಿಯೇ ಹತ್ತುತ್ತವೆ. ಬೇರೆ ಗಾಡಿಯ ಹೆಡ್‌ಲೈಟ್ ಬಿಟ್ಟು ಹತ್ತಿಸಬೇಡಿ. ಅದರದೇ ನೆರಳು ಮುಂದೆ ದೆವ್ವದ ಹಾಗೆ ಕುಣಿಯುತ್ತದೆ.

ಹತ್ತಿದ ಮೇಲೆ ಮೊದಲು ಹಿಂದಿನ ಅಡ್ಡಪಟ್ಟಿ ಹಾಕಿ, ಆಮೇಲೆ ಮುಂದೆ ಹಗ್ಗ ಕಟ್ಟಿ. ಇಳಿಸುವಾಗ ಇದೇ ತಿರುಗುಮುರುಗು: ಮೊದಲು ಹಗ್ಗ ಬಿಚ್ಚಿ, ಆಮೇಲೆ ಪಟ್ಟಿ ತೆಗೆಯಿರಿ. ಕಟ್ಟಿದ ಕುದುರೆಯ ಹಿಂದೆ ಪಟ್ಟಿ ಇಲ್ಲದಿದ್ದರೆ ಅದು ಹಿಂದಕ್ಕೆ ಜಗ್ಗಿ ಹಗ್ಗಕ್ಕೆ ನೇತುಬೀಳುತ್ತದೆ. ಎಳೆದರೆ ಬಿಚ್ಚುವ ಗಂಟೇ ಹಾಕಿ. ಒಂದೇ ಕುದುರೆ ಇದ್ದರೆ ಬಲಗಡೆ, ಅಂದರೆ ಡ್ರೈವರ್ ಬದಿಗೆ ನಿಲ್ಲಿಸಿ. ನಮ್ಮ ರಸ್ತೆ ಎಡಕ್ಕೆ ಇಳಿಜಾರು ತಾನೇ, ಭಾರವೂ ಎಡಕ್ಕಿದ್ದರೆ ಟ್ರೈಲರ್ ಅತ್ತಲೇ ವಾಲುತ್ತದೆ. ಎರಡಿದ್ದರೆ ಭಾರದ್ದು ಬಲಕ್ಕೆ.

1978ರ ಪ್ರಾಣಿ ಸಾಗಾಟ ನಿಯಮದಲ್ಲಿ ಒಂದು ಮಾತಿದೆ: ಎದುರು ಬರುವ ಗಾಡಿಗಳಿಗೆ ಬೆದರದಂತೆ ಕುದುರೆಯ ತಲೆ ಎಡಕ್ಕಿರಬೇಕು. ಬರೆದವರಿಗೆ ಕುದುರೆ ಗೊತ್ತಿತ್ತು ಅಂತ ಅನ್ನಿಸುತ್ತದೆ. ನನ್ನ ಟ್ರೈಲರ್‌ನಲ್ಲಿ ಕುದುರೆ ಮುಂದಕ್ಕೆ ಮುಖ ಮಾಡಿ ನಿಲ್ಲುತ್ತದೆ, ಹಾಗಾಗಿ ಬಲಗಡೆ ಕಿಟಕಿಗೆ ಗೋಣಿಚೀಲ ಕಟ್ಟುತ್ತೇನೆ. ಹೈ ಬೀಮ್ ಒಳಗೆ ಹೊಡೆಯುವುದಿಲ್ಲ. ಎಡಗಡೆಯದು ಗಾಳಿಗೆ ತೆರೆದೇ ಇರಲಿ. ದಾರಿಯಲ್ಲಿ ಒಳಗಿನ ಲೈಟ್ ಆರಿಸಿಬಿಡಿ.

ಅದೇ ನಿಯಮ ಗಂಟೆಗೆ 35 ಕಿ.ಮೀ. ದಾಟಬೇಡಿ ಅನ್ನುತ್ತದೆ. ಮೈಸೂರಿಗೆ ಸುಮಾರು 145 ಕಿ.ಮೀ. ಅಂದರೆ ನಾಲ್ಕು ಗಂಟೆ ಮೇಲೆ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಆ ವೇಗಕ್ಕೆ ಹೋದರೆ ಹಿಂದಿನಿಂದ ಯಾರಾದರೂ ಗುದ್ದುತ್ತಾರೆ. ನಾನು ಪಕ್ಕದ ಸರ್ವಿಸ್ ರಸ್ತೆ ಹಿಡಿಯುತ್ತೇನೆ. ಅಲ್ಲಿ ಬೇರೆ ತಲೆನೋವು. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ, ಎಲ್ಲ ಇಲ್ಲಿಗೇ. ಮದ್ದೂರು, ಮಂಡ್ಯದ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ಮಿಣುಕು ಲೈಟೂ ಇಲ್ಲದೆ ಹೋಗುತ್ತಿರುತ್ತವೆ. ಮೇಲೆ ಬಣ್ಣ ಮಾಸಿದ ಹಂಪ್‌ಗಳು. ನಮಗೆ ಹಂಪ್ ಕಂಡರೆ ಸ್ಟೇರಿಂಗ್ ಹಿಡಿದುಕೊಳ್ಳುತ್ತೇವೆ. ಹಿಂದೆ ನಿಂತ ಕುದುರೆಗೆ ಅದು ಬರುವುದು ಗೊತ್ತಾಗುವುದಿಲ್ಲ. ಕುದುರೆ ನೋಡಿಕೊಳ್ಳುತ್ತಿದ್ದ ನಮ್ಮ ಹಳೆಯ ಸೈಸ್ (ಲಾಯದ ಆಳು) ಒಂದು ಉಪಾಯ ಹೇಳಿಕೊಟ್ಟಿದ್ದರು: ಡ್ಯಾಶ್‌ಬೋರ್ಡ್ ಮೇಲೆ ಮುಕ್ಕಾಲು ಲೋಟ ನೀರಿಡು, ಮೈಸೂರಿನವರೆಗೂ ಚೆಲ್ಲಬಾರದು. ನಾನು ಇವತ್ತಿಗೂ ಶ್ರೀರಂಗಪಟ್ಟಣ ದಾಟುವುದರೊಳಗೆ ಚೆಲ್ಲಿರುತ್ತೇನೆ.

ಮಂಡ್ಯ ಹತ್ತಿರ ಅರ್ಧ ಗಂಟೆ ನಿಲ್ಲಿಸಿ. ಪೆಟ್ರೋಲ್ ಬಂಕಿನ ದೀಪದ ಕೆಳಗೆ ಬೇಡ, ಅದರ ಅಂಚಿನ ಮಬ್ಬಿನಲ್ಲಿ. ಇಳಿಸಬೇಡಿ. ಹಗ್ಗ ಸಡಿಲ ಮಾಡಿ ತಲೆ ಬಗ್ಗಿಸಲು ಬಿಡಿ. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದರೆ ಮೂಗಿನ ಕಸ, ದೂಳು ಕೆಳಗಿಳಿಯದೆ ಶ್ವಾಸಕೋಶಕ್ಕೆ ಹೋಗಿ ಸೋಂಕು ಆಗುತ್ತದೆ. ಒಣಹುಲ್ಲನ್ನು ನೆನೆಸಿ ಬಲೆಗೆ ತುಂಬುವುದೂ ದೂಳು ಏಳದಿರಲಿ ಅಂತಲೇ. ನೀರು ಮನೆಯಿಂದಲೇ ತನ್ನಿ. ಹೊಸ ನೀರಿನ ವಾಸನೆಗೆ ಕೆಲವು ಕುದುರೆ ಬಾಯಿ ಹಾಕುವುದಿಲ್ಲ.

ಗಾಡಿ ಕೆಟ್ಟರೆ ಹೆದ್ದಾರಿಯಲ್ಲಿ ಕುದುರೆ ಇಳಿಸುವ ಯೋಚನೆ ಬಿಡಿ. ತ್ರಿಕೋನದ ಬೋರ್ಡ್ ದೂರ ಇಟ್ಟು, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.

ಮೈಸೂರು ದಾಟಿ ಊಟಿ ಕಡೆ ಹೋಗುವವರಿಗೆ ಒಂದು ಮಾತು. ಬಂಡೀಪುರ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆಯಲ್ಲಿ ಕಾಯಲೇಬೇಕು, ಅದಕ್ಕೆ ತಕ್ಕ ಹಾಗೆ ಹೊರಡಿ.

ಈಗ ಗೌರಿ ಕಥೆ. ಮೂರು ವರ್ಷದ ಹಿಂದೆ, ರಾತ್ರಿ ಎರಡೂವರೆಗೆ ತೋಟ ಮುಟ್ಟಿದೆವು. ಐದು ಗಂಟೆ ಕತ್ತಲಲ್ಲಿ ನಿಂತು ಬಂದಿದ್ದಳು. ರ್‍ಯಾಂಪ್ ಇಳಿಸಿ ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು, ಅಷ್ಟರಲ್ಲಿ ತೋಟದ ಹುಡುಗ ಒಳ್ಳೆಯದಾಗಲಿ ಅಂತ ದೊಡ್ಡ ಹ್ಯಾಲೊಜನ್ ಹಾಕಿದ. ಅವಳು ಗಕ್ಕನೆ ನಿಂತು, ಪಕ್ಕಕ್ಕೆ ಹಾರಿದಳು. ಹಿಂಗಾಲು ರ್‍ಯಾಂಪ್ ಅಂಚಿಂದ ಜಾರಿ ಮೊಣಕಾಲಿನ ಕೆಳಗೆ ಅಂಗೈ ಅಗಲ ಚರ್ಮ ಹೋಯಿತು. ಹುಡುಗನದ್ದು ತಪ್ಪಲ್ಲ, ನಾನು ಮೊದಲೇ ಹೇಳಿರಲಿಲ್ಲ. ಈಗ ಹೊರಡುವಾಗಲೇ ಫೋನ್ ಮಾಡಿ ಹೇಳುತ್ತೇನೆ: ನಾವು ಬರುವ ಮುಂಚೆ ಒಂದು ಸಣ್ಣ ಬಲ್ಬ್ ಹಾಕಿಡು, ಆಮೇಲೆ ಸ್ವಿಚ್ ಮುಟ್ಟಬೇಡ. ತೋಟ ತಲುಪಿದ ಮೇಲೆ ಟ್ರೈಲರ್ ಒಳಗಿನ ಲೈಟ್ ಹಾಕಿ ಹತ್ತು ನಿಮಿಷ ಸುಮ್ನೆ ನಿಲ್ಲುತ್ತೇವೆ. ಆಮೇಲೆ ಇಳಿಸುವುದು.

ಇಳಿಸಿದ ಮೇಲೆ ನೀರು, ಹುಲ್ಲು ಸಾಕು. ಹುರುಳಿ, ಬೂಸಾ ಬೆಳಗ್ಗೆಗೆ. ಮುಂದಿನ ಎರಡು ಮೂರು ದಿನ ಜ್ವರ ನೋಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕೆಮ್ಮಿದರೆ, ಡಾಕ್ಟರಿಗೆ ಹೇಳಿ. ನಾನಂತೂ ಆ ರಾತ್ರಿ ಲಾಯದ ಪಕ್ಕದಲ್ಲೇ ಚಾಪೆ ಹಾಕಿಕೊಳ್ಳುತ್ತೇನೆ. ಎರಡೂ ಕುದುರೆ ಲದ್ದಿ ಹಾಕಿದ್ದನ್ನು ಕಂಡ ಮೇಲೇ ನಿದ್ದೆ.