ಪಹಣಿ ಅವನದು, ಉಳುಮೆ ನಿಮ್ಮದು: ಎದುರಾಳಿಯ ಡ್ರ್ಯಾಗನ್ ಕಸಿಯುವುದು ಹೇಗೆ?

ಮಂಡ್ಯದ ಅಕ್ಕನ ಮನೆಗೆ ಹೋದರೆ ಜಗಲಿ ಮೇಲೆ ಅಳಿಯನ ಜೊತೆ ಒಂದೆರಡು ಆಟ ಆಗಲೇಬೇಕು. ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಕಾರ್ಡಾಟ ಬಂದಿದ್ದು 1993ರಲ್ಲಿ. ಇಬ್ಬರಿಗೂ 20 ಜೀವ, ಮೊದಲು ಸೊನ್ನೆಗೆ ಇಳಿದವರು ಸೋತರು. ಹೋದ ಸಲ ಅಳಿಯ 6 ಮಾನಾ (ನೆಲದ ಕಾರ್ಡುಗಳಿಂದ ಬರುವ ಶಕ್ತಿ) ಸುರಿದು ಶಿವನ್ ಡ್ರ್ಯಾಗನ್ ಇಳಿಸಿದ. ಹಾರುವ ಪ್ರಾಣಿ, ಬಲ 5. ಮೀಸೆ ಬರದಿದ್ದರೂ ತಿರುವಿದ. ನಾನು 4 ಮಾನಾ ಖರ್ಚು ಮಾಡಿ ಅದನ್ನು ನನ್ನ ಕಡೆಗೆ ಎಳೆದುಕೊಂಡೆ.

"ಮಾವ, ಅದು ನಂದು!"

"ಪಹಣಿ ನಿಂದೇ ಕಣ್ಲಾ, ಉಳುಮೆ ನಂದು."

ಪಹಣಿಯಲ್ಲಿ ಮಾಲೀಕನಿಗೆ ಒಂದು ಕಾಲಂ, ಸಾಗುವಳಿದಾರನಿಗೆ ಇನ್ನೊಂದು ಕಾಲಂ ಇರುತ್ತದಲ್ವಾ? ಇಲ್ಲೂ ಹಾಗೇ. ಕಾರ್ಡ್ ಯಾರದೋ ಅವರೇ ಮಾಲೀಕರು. ಪ್ರಾಣಿಯನ್ನು ಆಡಿಸುವ ಹಕ್ಕು ಮಾತ್ರ ಕೈ ಬದಲಾಗುತ್ತದೆ.

ನಾನು ಆಡಿದ್ದು ಕಂಟ್ರೋಲ್ ಮ್ಯಾಜಿಕ್. ಈ ಕಾರ್ಡಿಗೆ ಬೇಕಾದ 4 ಮಾನಾದಲ್ಲಿ 2 ನೀಲಿ ಬಣ್ಣದ್ದೇ ಆಗಿರಬೇಕು. ಮೊದಲು ಯಾವ ಪ್ರಾಣಿ ಬೇಕೆಂದು ಬೆರಳಿಟ್ಟು ಹೇಳಿ. 'ಹೆಕ್ಸ್‌ಪ್ರೂಫ್' ಅಂತ ಬರೆದಿರುವ ಎದುರಾಳಿಯ ಪ್ರಾಣಿಗೆ ಕೈ ಹಾಕುವಂತಿಲ್ಲ. ಆಮೇಲೆ ಒಂದು ಕ್ಷಣ ಸುಮ್ನೆ ಇರಿ, ಎದುರಾಳಿಗೆ ಉತ್ತರ ಕೊಡುವ ಅವಕಾಶವಿದೆ. ಅವನು ಅನ್‌ಸಮನ್ ಆಡಿ ತನ್ನ ಪ್ರಾಣಿಯನ್ನು ಕೈಗೆ ವಾಪಸ್ ಕರೆಸಿಕೊಂಡರೆ ನಿಮ್ಮ ಕಾರ್ಡ್ ದಂಡ. ಉತ್ತರ ಬರದಿದ್ದರೆ ಪ್ರಾಣಿಯನ್ನು ನಿಮ್ಮ ಕಡೆ ಇಟ್ಟು, ಕಾರ್ಡನ್ನು ಅದಕ್ಕೆ ಒತ್ತಿ ಇಡಿ.

ಕಸಿದ ತಕ್ಷಣ ದಾಳಿ ಮಾಡಲು ಆಗದು. ಹೊಸ ಎತ್ತು ಕೊಟ್ಟಿಗೆಗೆ ಹೊಂದಿಕೊಳ್ಳಲು ಒಂದು ರಾತ್ರಿ ಬೇಕು. ನಿಮ್ಮ ಮುಂದಿನ ಸರದಿಯಿಂದ ದಾಳಿಗೆ ಬಿಡಬಹುದು. ಇನ್ನೊಂದು ವಿಷಯ: ಶಿವನ್ ಡ್ರ್ಯಾಗನ್‌ಗೆ ಕೆಂಪು ಮಾನಾ ಕೊಟ್ಟಷ್ಟೂ ಆ ಸರದಿಗೆ ಬಲ ಏರುತ್ತದೆ. ಆದರೆ ಎತ್ತು ಕಟ್ಟಿಕೊಂಡವರೇ ಮೇವು ಹಾಕಬೇಕು. ನನ್ನ ಹತ್ತಿರ ಇದ್ದದ್ದು ಬರೀ ನೀಲಿ.

ಕಾಯುವ ತಾಳ್ಮೆ ಇಲ್ಲದವರಿಗೆ ಕೆಂಪು ಬಣ್ಣದ ಆಕ್ಟ್ ಆಫ್ ಟ್ರೀಸನ್ ಇದೆ. ಖರ್ಚು 3 ಮಾನಾ. ಪ್ರಾಣಿ ಆ ಕ್ಷಣವೇ ದಾಳಿಗೆ ಸಿದ್ಧ. ಆದರೆ ಇದು ಒಂದು ದಿನದ ಬಾಡಿಗೆ ಸೈಕಲ್, ಸರದಿ ಮುಗಿದರೆ ವಾಪಸ್. ಜಾಣರು ದಾಳಿ ಮುಗಿಸಿ, ವಾಪಸ್ ಹೋಗುವ ಮೊದಲೇ ಅದನ್ನು ಬಲಿ ಕೊಡುತ್ತಾರೆ. ವಿಲೇಜ್ ರೈಟ್ಸ್ ಅನ್ನೋ ಕಾರ್ಡ್ ಇದ್ದರೆ ಆ ಬಲಿಗೆ 2 ಹೊಸ ಕಾರ್ಡ್ ಸಿಗುತ್ತವೆ. ನನಗೆ ಇದು ಸ್ವಲ್ಪ ಜಾಸ್ತಿಯೇ ಕ್ರೂರ ಅನಿಸುತ್ತದೆ. ಆಡದೇ ಬಿಟ್ಟಿಲ್ಲ ಅನ್ನಿ.

ಹೊಸಬರು ಎಡವುವುದು ಒಂದೇ ಕಡೆ. ಕಸಿದ ಪ್ರಾಣಿ ಸತ್ತರೆ ನಿಮ್ಮ ಸ್ಮಶಾನಕ್ಕೆ, ಅಂದರೆ ಸತ್ತ ಕಾರ್ಡುಗಳ ರಾಶಿಗೆ, ಬರುವುದಿಲ್ಲ, ಮಾಲೀಕನ ಸ್ಮಶಾನಕ್ಕೆ ಹೋಗುತ್ತದೆ. ಕೈಗೆ ಮರಳಿದರೂ ಅವನ ಕೈಗೇ. ಅಳಿಯ ಮಾಡಿದ್ದು ಇನ್ನೂ ಸುಲಭ. ಬಿಳಿ ಬಣ್ಣದ ಡಿಸೆನ್‌ಚಾಂಟ್ ಆಡಿ ನನ್ನ ಕಂಟ್ರೋಲ್ ಮ್ಯಾಜಿಕ್ ಅನ್ನೇ ಹರಿದ. ಡ್ರ್ಯಾಗನ್ ಎದ್ದು ಮನೆಗೆ ಹೋಯಿತು.

ಆಟ ಮುಗಿದ ಮೇಲೆ ಕಾರ್ಡ್ ಎಣಿಸಿ ಕೊಡಿ. ಇಬ್ಬರೂ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಕವರ್ ಹಾಕಿಕೊಂಡರೆ ಅದಲು ಬದಲು ಆಗುವುದಿಲ್ಲ. ಒಂದು ಸಲ ಅವನ ಕಾರ್ಡು ನನ್ನ ಕಟ್ಟಿನಲ್ಲೇ ಉಳಿದು ಮೈಸೂರಿಗೆ ಹೊರಟಿತ್ತು. ಬಸ್ಸು ಶ್ರೀರಂಗಪಟ್ಟಣ ದಾಟುವ ಮೊದಲೇ ಫೋನ್ ಬಂತು: "ಮಾವ, ಪಹಣಿ ಯಾರದು?"