ಎಕ್ಸ್‌ಎಂಎಲ್ ಫೈಲ್ ಅರ್ಧಕ್ಕೇ ನಿಂತಿದೆಯಾ? ಫ್ಲಷ್ ಮಾಡಿದ್ದೀರಾ ನೋಡಿ

ಪ್ರೋಗ್ರಾಂ ಓಡಿ ಮುಗಿದಿದೆ, ಎರರ್ ಏನೂ ಇಲ್ಲ. ಫೈಲ್ ತೆರೆದರೆ ಕೊನೆಯ ಟ್ಯಾಗ್‌ಗಳೇ ನಾಪತ್ತೆ. ಕೆಲವೊಮ್ಮೆ ಇಡೀ ಫೈಲೇ ಖಾಲಿ, ಸೊನ್ನೆ ಕೆಬಿ. ಅದನ್ನು ಓದಲು ಹೋದ ಜಾವಾ ಪಾರ್ಸರ್ ‘ಪ್ರಿಮೆಚೂರ್ ಎಂಡ್ ಆಫ್ ಫೈಲ್’ ಎಂದು ಗೊಣಗುತ್ತದೆ.

ಬರೆದದ್ದೆಲ್ಲ ಬಫರ್‌ನಲ್ಲೇ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲೇ, ಕೂತಿರುತ್ತದೆ. ಒಂದೊಂದು ಟ್ಯಾಗಿಗೂ ಡಿಸ್ಕ್‌ವರೆಗೆ ಹೋಗಿಬಂದರೆ ನಿಧಾನ ಅಲ್ವಾ? ಅದಕ್ಕೇ ಸೀಟು ತುಂಬದೆ ಹೊರಡದ ಟೆಂಪೋ ಹಾಗೆ ಇದೂ ಕಾಯುತ್ತದೆ. ಜಾವಾದ ಬಫರ್ಡ್‌ಔಟ್‌ಪುಟ್‌ಸ್ಟ್ರೀಮ್‌ನಲ್ಲಿ ನೀವು ಬೇರೆ ಅಳತೆ ಹೇಳದಿದ್ದರೆ 8192 ಬೈಟ್ ಹಿಡಿಯುತ್ತದೆ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8ರಲ್ಲಿ ‘ಕ’ಗೆ 3 ಬೈಟ್, ದೀರ್ಘ ಸೇರಿ ‘ಕಾ’ ಆದರೆ 6. ಚಿಕ್ಕ ಫೈಲಾದರೆ ಬಫರ್ ತುಂಬುವುದೇ ಇಲ್ಲ, ಡಿಸ್ಕ್‌ಗೆ ಏನೂ ಇಳಿಯುವುದಿಲ್ಲ. ಬಫರ್ ತುಂಬದಿದ್ದರೂ ಅದರಲ್ಲಿದ್ದದ್ದನ್ನು ಹೊರಗೆ ತಳ್ಳುವುದೇ ಫ್ಲಷ್.

ಈಗ ಎಕ್ಸ್‌ಎಂಎಲ್ ಬರೆದುಕೊಡುವ ಜಾವಾದ ಎಕ್ಸ್‌ಎಂಎಲ್‌ಸ್ಟ್ರೀಮ್‌ರೈಟರ್ ಹಿಡಿದು ಮಾಡೋಣ. ಮೊದಲು ಔಟ್‌ಪುಟ್ ಸ್ಟ್ರೀಮನ್ನು (ಬೈಟ್‌ಗಳು ಫೈಲಿಗೆ ಹರಿಯುವ ದಾರಿ) ‘ಟ್ರೈ’ ಪಕ್ಕದ ಆವರಣದೊಳಗೆ ತೆರೆಯಿರಿ. ಜಾವಾ 7ರಿಂದ ಈ ಸೌಲಭ್ಯವಿದೆ. ನಡುವೆ ಎಕ್ಸೆಪ್ಶನ್ ಬಂದರೂ ಸ್ಟ್ರೀಮ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ರೈಟರನ್ನು ಮಾತ್ರ ಅಲ್ಲಿಡಲು ಆಗದು, ಅದು ಆಟೋಕ್ಲೋಸಬಲ್ ಅಲ್ಲ, ಅಂದರೆ ಹಾಗೆ ತಾನಾಗಿ ಮುಚ್ಚಿಕೊಳ್ಳುವ ಬಗೆಯದಲ್ಲ.

ಬರೆಯುವುದು ಮುಗಿದ ಮೇಲೆ ರೈಟ್‌ಎಂಡ್‌ಡಾಕ್ಯುಮೆಂಟ್ ಕರೆಯಿರಿ. ತೆರೆದೇ ಉಳಿದ ಟ್ಯಾಗ್‌ಗಳನ್ನೆಲ್ಲ ಅದು ಮುಚ್ಚುತ್ತದೆ. ಆಮೇಲೆ ರೈಟರ್‌ನ ಫ್ಲಷ್, ಅದಾದ ಮೇಲೆ ಕ್ಲೋಸ್. ತುಂಬಾ ಜನ ಎಡವುವುದು ಇಲ್ಲೇ: ಈ ಕ್ಲೋಸ್ ಕೆಳಗಿನ ಸ್ಟ್ರೀಮನ್ನು ಮುಚ್ಚುವುದಿಲ್ಲ. ಮುಚ್ಚಬಾರದು ಎಂದೇ ಜಾವಾದ ದಾಖಲೆಯಲ್ಲಿದೆ. ಸ್ಟ್ರೀಮ್ ತೆರೆದೇ ಇದ್ದರೆ ವಿಂಡೋಸ್‌ನಲ್ಲಿ ಆ ಫೈಲಿನ ಹೆಸರು ಬದಲಿಸಲೂ ಆಗದೆ ಒದ್ದಾಡುತ್ತೀರಿ. ಟ್ರೈ ಆವರಣ ಬೇಕು ಅಂದದ್ದು ಅದಕ್ಕೇ.

ಇನ್ನೊಂದು ಸಣ್ಣ ಕಿರಿಕಿರಿ. ಆರಂಭದ ಟ್ಯಾಗ್ ಬರೆದ ಕೂಡಲೇ ಫ್ಲಷ್ ಮಾಡಿದರೂ ಅದರ ಕೊನೆಯ ‘>’ ಹೊರಗೆ ಬಂದಿರಲಿಕ್ಕಿಲ್ಲ. ಮುಂದೆ ಆಟ್ರಿಬ್ಯೂಟ್ ಬರಬಹುದಲ್ಲ ಎಂದು ರೈಟರ್ ಕಾಯುತ್ತಿರುತ್ತದೆ. ಸುಮ್ನೆ ರೈಟ್‌ಕ್ಯಾರೆಕ್ಟರ್ಸ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು, ಆಮೇಲೆ ಫ್ಲಷ್ ಮಾಡಿ.

ಹಾಗಂತ ಲೂಪ್ ಒಳಗೆ ಪ್ರತಿ ಸಾಲಿಗೂ ಫ್ಲಷ್ ಹಾಕಬೇಡಿ, ಬಫರ್ ಇದ್ದೂ ಇಲ್ಲದಂತೆ. ನೆಟ್‌ವರ್ಕ್‌ನ ಆಚೆ ಯಾರೋ ಕಾಯುತ್ತಿದ್ದರೆ ಒಂದು ಇಡೀ ಸಂದೇಶ ಮುಗಿದಾಗ ಮಾಡಿ, ಸಾಕು.

ಸಿ ಶಾರ್ಪ್‌ನವರು ಎಕ್ಸ್‌ಎಂಎಲ್‌ರೈಟರನ್ನು ‘ಯೂಸಿಂಗ್’ ಒಳಗೆ ಇಟ್ಟರೆ ಫ್ಲಷ್ ತಾನಾಗಿಯೇ ಆಗುತ್ತದೆ. ಆ ಬ್ಲಾಕ್ ಮುಗಿಯುವ ಮುಂಚೆಯೇ ಮೆಮೊರಿಸ್ಟ್ರೀಮ್‌ನಿಂದ (ಫೈಲಿನ ಬದಲು ಮೆಮೊರಿಗೆ ಬರೆಯುವ ಸ್ಟ್ರೀಮ್) ಓದುವುದಿದ್ದರೆ ಮಾತ್ರ ನೀವೇ ಫ್ಲಷ್ ಮಾಡಬೇಕು.

ಕರೆಂಟ್ ಹೋದರೂ ಡೇಟಾ ಉಳಿಯಬೇಕಾ? ಫ್ಲಷ್ ಆದ ಡೇಟಾ ಆಪರೇಟಿಂಗ್ ಸಿಸ್ಟಂ ಕೈಗೆ ಹೋಗಿರುತ್ತದೆ, ಡಿಸ್ಕ್ ಮುಟ್ಟಿರಲೇಬೇಕೆಂದಿಲ್ಲ. ಡಿಸ್ಕ್‌ಗೇ ಇಳಿಸಲು ಜಾವಾದ ಫೈಲ್‌ಚಾನೆಲ್‌ನ ‘ಫೋರ್ಸ್’ ಬೇಕು, ಅದೂ ಸ್ಟ್ರೀಮ್ ಮುಚ್ಚುವ ಮುಂಚೆ.