ಗೆಳತಿಯ ಬಾಡಿಗೆ ಮನೆಗೆ ಹತ್ತು ಸಾವಿರದಲ್ಲಿ ಹೊಸ ಕಳೆ

ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಒಂದು ಬೆಡ್‌ರೂಮಿನ ಮನೆಗಳು ಹೇಗಿರುತ್ತವೆ ಅಂತ ಹುಡುಕಿ ಅಲೆದವರಿಗೆ ಗೊತ್ತು. ಮಾಸಿದ ಗೋಡೆ, ಹಾಲ್‌ನಲ್ಲೊಂದು ಬಿಳಿ ಟ್ಯೂಬ್‌ಲೈಟ್, ಹಿಂದಿನವರು ಬಿಟ್ಟುಹೋದ ಪರದೆ. ಅಡ್ವಾನ್ಸ್ ಕೊಟ್ಟು ಸಾಮಾನು ಸಾಗಿಸುವಷ್ಟರಲ್ಲಿ ಕೈ ಖಾಲಿಯಾಗಿರುತ್ತದೆ. ಅಂಥ ಮನೆಗೆ ಬಂದ ಗೆಳತಿಗೆ ನೆರವಾಗಬೇಕು ಅಂತಿದ್ದರೆ ಹತ್ತು ಸಾವಿರ ರೂಪಾಯಿಯಲ್ಲಿ ಬೇಕಾದಷ್ಟು ಮಾಡಬಹುದು. ಆದರೆ ದುಡ್ಡಿನ ದೊಡ್ಡ ಪಾಲು, ನಾಳೆ ಮನೆ ಬದಲಿಸಿದರೆ ಅವಳು ಜೊತೆಗೆ ಒಯ್ಯಬಹುದಾದ ವಸ್ತುಗಳಿಗೇ ಹೋಗಬೇಕು.

ಮೊದಲು ಅವಳನ್ನು ಕೇಳಿ

ಅಂಗಡಿಗೆ ಹೋಗುವ ಮುಂಚೆ ಅವಳ ದಿನ ಹೇಗೆ ಸಾಗುತ್ತದೆ ಅಂತ ಕೇಳಿ. ನನ್ನ ಗೆಳತಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುತ್ತಾಳೆ. ಹಾಗಾಗಿ ಅವಳ ಮನೆಯಲ್ಲಿ ಹಾಲ್‌ನ ಅಂದಕ್ಕಿಂತ ಮೊದಲು ಮಲಗುವ ಕೋಣೆಯ ಕತ್ತಲೆಗೆ ದುಡ್ಡು ಎತ್ತಿಟ್ಟೆವು. ಮನೆ ಅವಳದು. ನಿಮಗೆ ಇಷ್ಟವಾದ ಬಣ್ಣವನ್ನು ಅವಳ ಗೋಡೆಗೆ ಬಳಿಯಬೇಡಿ.

ನಂತರ ಗೋಡೆ, ನೆಲ, ನಲ್ಲಿ, ಬಾಗಿಲುಗಳ ಫೋಟೋ ತೆಗೆದಿಡಿ. ಮನೆ ಬಿಡುವಾಗ ಅಡ್ವಾನ್ಸ್‌ನ ಲೆಕ್ಕಕ್ಕೆ ಬೇಕಾಗುತ್ತದೆ.

ತೊಳೆಯಿರಿ, ಖಾಲಿ ಮಾಡಿ

ಬೋರ್‌ವೆಲ್‌ನ ಗಡಸು ನೀರಿನಿಂದ ನಲ್ಲಿಯ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅದು ಸುಣ್ಣದಂಶ. ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ನಿಂಬೆರಸವೂ ಆದೀತು. ಮಾರ್ಬಲ್ ಅಥವಾ ಮೊಸಾಯಿಕ್ ನೆಲಕ್ಕೆ ಮಾತ್ರ ಹುಳಿ ತಾಗಿಸಬೇಡಿ, ಹೊಳಪು ಹೋಗುತ್ತದೆ. ಇನ್ನೊಂದು ಎಚ್ಚರ: ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಆಗಲಿ ವಿನೆಗರ್ ಆಗಲಿ ಬೆರೆಸಲೇಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ವರ್ಷವಿಡೀ ಮುಟ್ಟದ ಸಾಮಾನೆಲ್ಲ ಅಟ್ಟಕ್ಕೆ ಹೋಗಲಿ. ಮನೆ ಅರ್ಧ ಬದಲಾಗುವುದು ಇಲ್ಲೇ, ಅದೂ ಬಿಡಿಗಾಸಿನ ಖರ್ಚಿಲ್ಲದೆ.

ಒಂದೇ ಗೋಡೆಗೆ ಬಣ್ಣ

ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ರೂಢಿ. ಅದನ್ನೇ ಹೇಳಿ ಓನರ್ ಹತ್ತಿರ ಒಂದು ಗೋಡೆಗೆ ಒಪ್ಪಿಗೆ ಕೇಳಿ. ಒಪ್ಪಿದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 50ರಿಂದ 60 ಚದರ ಅಡಿ ಬರುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆಗೆ ಎರಡು ಲೀಟರ್ ಸಾಕು. ಹಳೆಯ ಡಿಸ್ಟೆಂಪರ್ ಕೈಗೆ ಪುಡಿಯಾಗಿ ಅಂಟುತ್ತಿದ್ದರೆ ಅದರ ಮೇಲೇ ಬಳಿದ ಬಣ್ಣ ಕೆಲವೇ ತಿಂಗಳಲ್ಲಿ ಎದ್ದು ಬರುತ್ತದೆ. ಮೊದಲು ಕೆರೆಯಿರಿ, ಉಪ್ಪುಕಾಗದ ಹಾಕಿ ತಿಕ್ಕಿ, ಧೂಳು ಒರೆಸಿ, ಪ್ರೈಮರ್ ಹಚ್ಚಿ. ಆಮೇಲೆ ಬಣ್ಣ. ಒಂದು ಕೋಟ್ ಪೂರ್ತಿ ಒಣಗಿದ ಮೇಲೇ ಇನ್ನೊಂದು. ನೀರು ಜಿನುಗುವ ಗೋಡೆಯಾದರೆ ಕೈ ಹಾಕಬೇಡಿ. ಸೋರಿಕೆ ನಿಲ್ಲಿಸುವುದು ಓನರ್ ಕೆಲಸ.

ಬ್ರಷ್, ರೋಲರ್ ಎಲ್ಲ ಸೇರಿ ಇದಕ್ಕೆ ಎರಡು ಸಾವಿರ ತೆಗೆದಿಡಿ. ಒಯ್ಯಲಾಗದ ಖರ್ಚು ಇದೊಂದೇ ಇರಲಿ.

ಬಟ್ಟೆಗೆ ಜಾಸ್ತಿ ದುಡ್ಡು

ಮೂರು ಸಾವಿರ ಇಲ್ಲಿಗೆ. ಅದೂ ಅಮ್ಮನದೋ ಅತ್ತೆಯದೋ ಹಳೆಯ ಕಾಟನ್ ಸೀರೆಗಳು ಸಿಕ್ಕರೆ ಅರ್ಧಕ್ಕರ್ಧ ಉಳಿಯುತ್ತದೆ. ಲೆಕ್ಕ ನೋಡಿ. ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ. ಅಡ್ಡ ಕತ್ತರಿಸಿದರೆ ಏಳು ಅಡಿಯ ಎರಡು ಪರದೆಗಳು ಬರುತ್ತವೆ. ಮೇಲೆ ಕಂಬಿಗೆ, ಕೆಳಗೆ ಮಡಿಕೆಗೆ ಬಟ್ಟೆ ಬಿಟ್ಟರೂ ಸೆರಗಿನ ಭಾಗ ಉಳಿಯುತ್ತದೆ. ಅದರಲ್ಲಿ ಕುಶನ್ ಕವರ್ ಹೊಲಿಸಿ. ಸೀರೆಯ ಅಗಲ ಸುಮಾರು 45 ಇಂಚು. ನಾಲ್ಕಡಿಯ ಕಿಟಕಿಗೆ ಎರಡು ಪರದೆ ಇಳಿಬಿಟ್ಟರೆ ಕಿಟಕಿಯ ಹತ್ತಿರ ಹತ್ತಿರ ಎರಡರಷ್ಟು ಬಟ್ಟೆಯಾಗುತ್ತದೆ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಅಷ್ಟಿರಲೇಬೇಕು. ಕಂಬಿಯನ್ನು ಕಿಟಕಿಗಿಂತ ಸಾಕಷ್ಟು ಮೇಲೆ ಹಾಕಿ, ಕೋಣೆ ಎತ್ತರ ಕಾಣುತ್ತದೆ. ಹೊಸ ಕಾಟನ್ ಬಟ್ಟೆ ಕೊಳ್ಳುವುದಾದರೆ ಒಮ್ಮೆ ಒಗೆದು ಆಮೇಲೆ ಹೊಲಿಸಿ. ಇಲ್ಲದಿದ್ದರೆ ಕುಗ್ಗಿ ಗಿಡ್ಡವಾಗುತ್ತದೆ.

ಹಗಲು ಮಲಗುವವರ ಕೋಣೆಗೆ ಇದೇ ಸೀರೆಯ ಹಿಂದೆ ದಪ್ಪನೆಯ ಕಡುಬಣ್ಣದ ಲೈನಿಂಗ್ ಕೊಡಿಸಿ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ವಿಚಾರಿಸಿ.

ನೆಲಕ್ಕೆ ಜಮಖಾನ ಹಾಸಿ. ನವಲಗುಂದದ ಕೈಮಗ್ಗದ ಜಮಖಾನ ಈ ಬಜೆಟ್‌ಗೆ ಹೊರೆಯಾದೀತು. ಸಾದಾ ಪಟ್ಟೆಯ ಕಾಟನ್ ಜಮಖಾನವೂ ಚೆಂದವೇ. ಊರಿನಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಅದನ್ನು ಬೀರುವಿನಲ್ಲಿ ಮುಚ್ಚಿಡಬೇಡಿ. ಮಂಚದ ಮೇಲೋ ದಿವಾನದ ಮೇಲೋ ಹಾಸಿ. ದುಡ್ಡು ಕೊಟ್ಟರೂ ಅಂಥ ಬಣ್ಣಗಾರಿಕೆ ಸಿಗುವುದಿಲ್ಲ.

ಬೆಳಕನ್ನು ಕೆಳಗಿಳಿಸಿ

ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಲೆಕ್ಕ ಬರೆದಿರುತ್ತದೆ. 6500 ಇದ್ದರೆ ನೀಲಿ ಛಾಯೆಯ ಬಿಳಿ ಬೆಳಕು. 2700ರಿಂದ 3000 ಇದ್ದರೆ ಹಳದಿ ಬೆಳಕು. ಅಡುಗೆಮನೆಗೆ ಬಿಳಿಯೇ ಇರಲಿ, ತರಕಾರಿ ಹೆಚ್ಚುವಾಗ ಅದು ಬೇಕು. ಹಾಲ್‌ನಲ್ಲಿ ಸಂಜೆ ಟ್ಯೂಬ್‌ಲೈಟ್ ಆರಿಸಿ, ಎರಡು ಮೂಲೆಯಲ್ಲಿ ಕುಳಿತವರ ತಲೆಯ ಮಟ್ಟಕ್ಕೆ ಹಳದಿ ಬಲ್ಬ್ ಉರಿಸಿ. ಅದೇ ಹಾಲ್ ಬೇರೆ ಮನೆಯ ಥರ ಕಾಣುತ್ತದೆ.

ಲ್ಯಾಂಪ್ ಕೊಳ್ಳಬೇಕಿಲ್ಲ. ಮೇದರು ಹೆಣೆದ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ತಳದಲ್ಲಿ ತೂತು ಮಾಡಿ, ವೈರ್ ಸಮೇತ ಹೋಲ್ಡರ್ ಇಳಿಬಿಡಿ. ಏಳು ವಾಟ್‌ನ ಎಲ್‌ಇಡಿ ಸಾಕು, ಅದು ಬುಟ್ಟಿಗೆ ತಾಗದಂತೆ ನೋಡಿಕೊಳ್ಳಿ. ಹಳೆಯ ತಂತಿ ಬಲ್ಬ್ ಬೇಡವೇ ಬೇಡ. ಅದರ ಕಾವಿಗೆ ಬಿದಿರು ಹೊತ್ತಿಕೊಳ್ಳಬಹುದು. ವೈರಿಂಗ್ ಬಾರದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಒಂದೇ ಒಂದು ಗಟ್ಟಿ ಪೀಠೋಪಕರಣ

ಹೊಸ ಅಗ್ಗದ ಟೇಬಲ್, ರ್ಯಾಕ್‌ಗಳು ಹೆಚ್ಚಾಗಿ ಮರದ ಪುಡಿ ಒತ್ತಿ ಮಾಡಿದ ಬೋರ್ಡಿನವು. ನೀರು ತಾಗಿದರೆ ಉಬ್ಬುತ್ತವೆ, ಒಮ್ಮೆ ಬಿಚ್ಚಿ ಸಾಗಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ಅದೇ ದುಡ್ಡಿಗೆ ಹಳೆಯ ಮರದ ಕುರ್ಚಿಯೋ ಕಬ್ಬಿಣದ ರ್ಯಾಕೋ ಸಿಗುತ್ತದೆ. ವರ್ಗವಾಗಿ ಊರು ಬಿಡುವವರು ಸಾಮಾನನ್ನು ಸಿಕ್ಕ ಬೆಲೆಗೆ ಕೊಡುತ್ತಾರೆ. ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿ. ಕೊಳ್ಳುವ ಮುಂಚೆ ಮರದಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದೆಯಾ ನೋಡಿ. ಇದ್ದರೆ ಹುಳ ಹಿಡಿದಿದೆ, ಬಿಟ್ಟುಬಿಡಿ. ಸೋಫಾ ಇಲ್ಲದಿದ್ದರೂ ನಡೆಯುತ್ತದೆ. ಹತ್ತಿಯ ಹಾಸಿಗೆ, ಗೋಡೆಗೊರಗಿಸಿದ ಎರಡು ಲೋಡು ಇದ್ದರೆ ನಾಲ್ಕು ಜನ ಆರಾಮಾಗಿ ಕೂರಬಹುದು.

ಗಿಡಕ್ಕೆ ಐನೂರು ಸಾಕು. ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ನರ್ಸರಿಗಳಿವೆ. ಬಿಸಿಲು ಕಡಿಮೆಯಿರುವ ಮನೆಗೆ ಸ್ನೇಕ್ ಪ್ಲಾಂಟ್ ಒಳ್ಳೆಯದು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿ. ಮನಿ ಪ್ಲಾಂಟ್ ಕೊಳ್ಳಲೇಬೇಡಿ, ಯಾರ ಮನೆಯಿಂದಲಾದರೂ ಒಂದು ಕಡ್ಡಿ ತಂದು ಬಾಟಲಿ ನೀರಿನಲ್ಲಿಡಿ.

ಕೊನೆಗೆ ಒಂದು ಸಾವಿರವನ್ನು ಮುಟ್ಟದೆ ಅವಳ ಕೈಗೆ ಕೊಡಿ. ಒಂದೆರಡು ವಾರ ಅವಳು ಆ ಮನೆಯಲ್ಲಿ ಓಡಾಡಲಿ. ಚಪ್ಪಲಿ ಸ್ಟ್ಯಾಂಡ್ ಬೇಕೋ ಕಿಟಕಿಗೆ ಸೊಳ್ಳೆ ಪರದೆ ಬೇಕೋ ಅಂತ ಆಗ ಅವಳೇ ಹೇಳುತ್ತಾಳೆ.